ಓದದೆ ಬರೆದ ಸಮೀಕ್ಷೆಗೆ ನನ್ನ ಸಹಿ ಇಲ್ಲ



ನಮ್ಮ ಬಳಗದ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಈಚೆಗೆ ತನ್ನ ಸಂಶೋಧನಾ ಸಮೀಕ್ಷೆಯೊಂದನ್ನು ಕಳುಹಿಸಿ, ಸಹಲೇಖಕನಾಗಿ ನನ್ನ ಹೆಸರನ್ನು ಸೇರಿಸಲು ಅನುಮತಿ ಕೋರಿದ. ಭಾಷೆ ಸೊಗಸಾಗಿತ್ತು, ಕೋಷ್ಟಕಗಳು ಅಚ್ಚುಕಟ್ಟಾಗಿದ್ದವು. ಆದರೆ ಉಲ್ಲೇಖಿಸಿದ್ದ ಪ್ರಬಂಧಗಳನ್ನು ಒಂದೊಂದಾಗಿ ಹುಡುಕಿದಾಗ, ಮೂರು ಎಲ್ಲಿಯೂ ಪ್ರಕಟವೇ ಆಗಿರಲಿಲ್ಲ. ಅವು ಕೃತಕ ಬುದ್ಧಿಮತ್ತೆಯ ಕಲ್ಪನೆಗಳು. ಕೇಳಿದರೆ, “ಈಗ ಎಲ್ಲರೂ ಹೀಗೇ ಮಾಡ್ತಾರೆ ಅಂಕಲ್” ಎಂಬ ಉತ್ತರ. ಈ ‘ಎಲ್ಲರೂ’ ಎಂಬ ಸಮರ್ಥನೆಗೆ ನನ್ನ ವಿರೋಧವಿದೆ.

ಸಮೀಕ್ಷೆಯೆಂದರೆ ಸಾರಾಂಶವಲ್ಲ. ಒಂದು ಔಷಧದ ಕುರಿತ ಅಧ್ಯಯನಗಳನ್ನೆಲ್ಲ ಕಲೆಹಾಕಿ, ಯಾವುದು ನಂಬಲರ್ಹ, ಯಾವುದು ಅಲ್ಲ ಎಂದು ತೂಗಿ ನೋಡುವ ಹೊಣೆಗಾರಿಕೆ ಅದು. ಚಿಕಿತ್ಸೆಯ ಮಾರ್ಗಸೂಚಿಗಳು ಇಂತಹ ಸಮೀಕ್ಷೆಗಳನ್ನು ಆಧರಿಸಿರುತ್ತವೆ. ಊರಿನಲ್ಲಿರುವ ನಮ್ಮ ತಂದೆತಾಯಿಯರ ಔಷಧ ಚೀಟಿಯನ್ನೂ ಕೊನೆಗೆ ಅವೇ ನಿರ್ಧರಿಸುತ್ತವೆ.

ಕೋವಿಡ್ ಕಾಲವನ್ನು ನೆನೆಯಿರಿ. 2020ರ ನವೆಂಬರ್‌ನಲ್ಲಿ ಹೊರಬಂದ ಈಜಿಪ್ಟಿನ ಅಧ್ಯಯನವೊಂದು, ಐವರ್ಮೆಕ್ಟಿನ್ ಸಾವುಗಳನ್ನು ಬಹುಮಟ್ಟಿಗೆ ತಗ್ಗಿಸುತ್ತದೆಂದು ಸಾರಿತು. ಹಲವು ಸಮೀಕ್ಷೆಗಳು ಅದನ್ನು ನಂಬಿ ಸೇರಿಸಿಕೊಂಡವು. ನಾವಿರುವ ಈ ಬ್ರಿಟನ್ನಿನಲ್ಲೇ, ಲಂಡನ್ನಿನ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಮೂಲವನ್ನು ತೆರೆದು ಓದಿದ. ಪೀಠಿಕೆಯಲ್ಲಿ ಕೃತಿಚೌರ್ಯ ಕಂಡಿತು. ದತ್ತಾಂಶದಲ್ಲಿ, ಅಧ್ಯಯನ ಆರಂಭವಾಗುವ ಮೊದಲೇ ತೀರಿಕೊಂಡಿದ್ದ ರೋಗಿಗಳೂ ಇದ್ದರು! 2021ರ ಜುಲೈನಲ್ಲಿ ಆ ಅಧ್ಯಯನವನ್ನು ಹಿಂಪಡೆಯಲಾಯಿತು. ಅದನ್ನೂ ಅಂತಹ ಶಂಕಾಸ್ಪದ ಅಧ್ಯಯನಗಳನ್ನೂ ಕೈಬಿಟ್ಟು ಮತ್ತೆ ಲೆಕ್ಕ ಹಾಕಿದಾಗ, ಪ್ರಮುಖ ಸಮೀಕ್ಷೆಯೊಂದು ತೋರಿಸಿದ್ದ ಜೀವರಕ್ಷಕ ಪರಿಣಾಮವೇ ಇಲ್ಲವಾಯಿತು. ಭಾರತದ ರಾಷ್ಟ್ರೀಯ ಮಾರ್ಗಸೂಚಿಯಿಂದ ಐವರ್ಮೆಕ್ಟಿನ್ ಹೊರಬಿದ್ದದ್ದು 2021ರ ಸೆಪ್ಟೆಂಬರ್‌ನಲ್ಲಿ.

“ಅಂದು ಎಡವಿದವರು ಮನುಷ್ಯರೇ ಅಲ್ಲವೇ?” ಎಂದು ಕೆಲವರು ಕೇಳಬಹುದು. ಹೌದು. ಸಾರಾಂಶವನ್ನು ನಂಬಿ ಮೂಲವನ್ನು ಪರೀಕ್ಷಿಸದಿದ್ದುದೇ ಅವರ ತಪ್ಪು. ಅದೇ ತಪ್ಪನ್ನು ಕ್ಷಣಾರ್ಧದಲ್ಲಿ, ಸಾವಿರ ಪಟ್ಟು ಮಾಡಲು ನಾವೀಗ ಯಂತ್ರವನ್ನು ನೇಮಿಸುತ್ತಿದ್ದೇವೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ನಮ್ಮ ಹಿರಿಯರು. ನಾವು ಕಾಣದೆಯೇ ಪ್ರಮಾಣಪತ್ರ ನೀಡಹೊರಟಿದ್ದೇವೆ.

ನಾನು ಯಂತ್ರದ್ವೇಷಿಯಲ್ಲ. ಸಾವಿರಾರು ಶೀರ್ಷಿಕೆಗಳನ್ನು ಜರಡಿ ಹಿಡಿಯಲು, ಪುನರಾವರ್ತನೆಗಳನ್ನು ತೆಗೆಯಲು, ಪರಭಾಷೆಯ ಪ್ರಬಂಧದ ಪರಿಚಯ ಮಾಡಿಕೊಳ್ಳಲು ನಾನೂ ಅದನ್ನು ಬಳಸುತ್ತೇನೆ. ಆದರೆ ತೀರ್ಪು ನನ್ನದಾಗಿರಬೇಕು. ಉಲ್ಲೇಖಿಸಿದ ಪ್ರತಿಯೊಂದು ಪ್ರಬಂಧವನ್ನೂ ತೆರೆದು ಓದಿರಬೇಕು. ಅದು ಹಿಂಪಡೆಯಲ್ಪಟ್ಟಿದೆಯೇ ಎಂದು ನೋಡಿರಬೇಕು. ಯಂತ್ರದ ನೆರವನ್ನು ಮುಚ್ಚಿಡಬಾರದು. ವೈದ್ಯಕೀಯ ನಿಯತಕಾಲಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯೂ 2023ರಲ್ಲಿ, ಇಂತಹ ತಂತ್ರಾಂಶವನ್ನು ಲೇಖಕನೆಂದು ಹೆಸರಿಸಕೂಡದೆಂದು ಹೇಳಿತು. ಕಾರಣ ಸರಳ: ತಪ್ಪಾದಾಗ ಉತ್ತರಿಸಬೇಕಾದವನು ಲೇಖಕ, ಯಂತ್ರ ಉತ್ತರಿಸಲಾರದು.

ಪೋಷಕರಲ್ಲಿ ಒಂದು ವಿನಂತಿ. ನಮ್ಮ ಕೂಟಗಳಲ್ಲಿ ಮಕ್ಕಳನ್ನು “ಎಷ್ಟು ಪ್ರಬಂಧ ಪ್ರಕಟವಾಯಿತು?” ಎಂದು ಕೇಳುವುದನ್ನು ಬಿಡೋಣ. ಎಷ್ಟನ್ನು ಓದಿದರೆಂದು ಕೇಳೋಣ. ಆ ವಿದ್ಯಾರ್ಥಿಗೆ ನಾನು ಬಾಗಿಲು ಮುಚ್ಚಿಲ್ಲ. ಮೂಲ ಪ್ರಬಂಧಗಳೊಂದಿಗೆ ಮನೆಗೆ ಬರಲು ಹೇಳಿದ್ದೇನೆ. ಜೊತೆಯಲ್ಲಿ ಕುಳಿತು ಓದುತ್ತೇವೆ. ಸಹಿಯ ಮಾತು ಆಮೇಲೆ.

– ಸಂಘದ ಸ್ವಯಂಸೇವಕ ವೈದ್ಯ