ಮೊದಲು ಮಾತು, ಆಮೇಲೆ ಸೂಜಿ

ಮಂಗನ ಕಾಯಿಲೆಗೆ ಹೊಸ ಲಸಿಕೆಯೊಂದನ್ನು ತಯಾರಿಸುವ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸಂಸ್ಥೆಯೂ ಕೈಗೊಂಡಿವೆ. ಸಂತೋಷದ ಸಂಗತಿ. ಆದರೆ ಲಸಿಕೆ ಸೀಸೆಯಲ್ಲಿ ಸಿದ್ಧವಾದ ಮಾತ್ರಕ್ಕೆ ಯಾರ ಪ್ರಾಣವೂ ಉಳಿಯುವುದಿಲ್ಲ. ಅದು ತೋಳಿಗೆ ಇಳಿಯಬೇಕು. ಮಲೆನಾಡಿನ ಕೂಲಿಕಾರ ಆ ತೋಳನ್ನು ಒಡ್ಡುತ್ತಾನೆಯೇ? ಲಸಿಕೆ ಬಂದ ಮೇಲೆ ಈ ಪ್ರಶ್ನೆ ಕೇಳಿದರೆ ಹೊತ್ತು ಮೀರಿರುತ್ತದೆ. ಈಗಲೇ ಕೇಳಬೇಕು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲ ಹಳ್ಳಿಗಳ ಜನ ಜ್ವರದಿಂದ ಹಾಸಿಗೆ ಹಿಡಿದರು. ಸತ್ತ ಮಂಗನ ಮೈಯಿಂದ ಉದುರಿದ ಉಣುಗು ತರಗೆಲೆಯಲ್ಲಿ ಕಾದಿದ್ದು ಮನುಷ್ಯನನ್ನು ಕಚ್ಚುತ್ತದೆ. ಅದರಿಂದ ರೋಗ ಬರುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ವಿಪರೀತ ಜ್ವರ, ತಲೆನೋವು, ಮೈಕೈ ನೋವು, ಕೆಲವರಲ್ಲಿ ರಕ್ತಸ್ರಾವ. ಹಿಡಿದ ನೂರು ಜನರಲ್ಲಿ ಮೂವರಿಂದ ಐವರು ಸಾಯುತ್ತಾರೆ. ಈ ರೋಗಕ್ಕೆಂದೇ ಬೇರೆ ಔಷಧಿಯಿಲ್ಲ. ಹಿಡಿಯುವುದು ಯಾರನ್ನು? ಡಿಸೆಂಬರಿನಿಂದ ಮೇ ತಿಂಗಳವರೆಗೆ ತರಗು ಗುಡಿಸುವವರನ್ನು, ಸೌದೆ ತರುವವರನ್ನು, ದನ ಮೇಯಿಸುವವರನ್ನು, ತೋಟದ ಕೂಲಿಗಳನ್ನು. ಕಾಡಿಗೆ ಹೋಗದಿದ್ದರೆ ಒಲೆ ಉರಿಯದವರ ಕಾಯಿಲೆ ಇದು.

ಹಳೆಯ ಲಸಿಕೆಯನ್ನು ನಮ್ಮ ರಾಜ್ಯದಲ್ಲಿ 1990ರಿಂದ ಕೊಡಲಾಗುತ್ತಿತ್ತು. ಒಂದು ತಿಂಗಳ ಅಂತರದಲ್ಲಿ ಎರಡು ಸೂಜಿ, ಆರರಿಂದ ಒಂಬತ್ತು ತಿಂಗಳೊಳಗೆ ಮತ್ತೊಂದು, ಆಮೇಲೆ ಐದು ವರ್ಷ ವರ್ಷಕ್ಕೊಂದು. ಚುಚ್ಚಿದ ಜಾಗ ಬಹಳ ನೋಯುತ್ತಿತ್ತು. ಮೊದಲನೆಯದನ್ನು ಹಾಕಿಸಿಕೊಂಡವರಲ್ಲಿ ಅನೇಕರು ಎರಡನೆಯದಕ್ಕೆ ಬರಲಿಲ್ಲ. "ಜನ ಅಜ್ಞಾನಿಗಳು, ಮೂಢನಂಬಿಕೆಯವರು, ಹೇಳಿದರೆ ಕೇಳುವುದಿಲ್ಲ" ಎಂದು ಕಚೇರಿಯ ಕುರ್ಚಿಯಲ್ಲಿ ಕೂತು ಹೇಳುವುದು ಸುಲಭ. ದಿನಗೂಲಿಯವನ ಲೆಕ್ಕವೇ ಬೇರೆ. ತೋಳು ನೋಯುವ ದಿನ ಕತ್ತಿ ಎತ್ತಲಾಗದು. ಕತ್ತಿ ಎತ್ತದ ದಿನ ಕೂಲಿಯಿಲ್ಲ. ಕೂಲಿಯಿಲ್ಲದ ದಿನ ಮನೆಯಲ್ಲಿ ಗಂಜಿಯಿಲ್ಲ. ಇದನ್ನು ಅಜ್ಞಾನವೆಂದು ಕರೆಯುವವರಿಗೆ ಹಸಿವಿನ ಪರಿಚಯವಿಲ್ಲವೆಂದೇ ನಾವು ಹೇಳುತ್ತೇವೆ.

ಇನ್ನೊಂದು ಮಾತೂ ಇದೆ. 2005ರಿಂದ 2010ರವರೆಗಿನ ಅಂಕಿಅಂಶಗಳನ್ನು ತಜ್ಞರು ಪರಿಶೀಲಿಸಿದಾಗ, ಎರಡು ಸೂಜಿ ಹಾಕಿಸಿಕೊಂಡವರಿಗೆ ಸಿಕ್ಕ ರಕ್ಷಣೆ ನೂರಕ್ಕೆ ಸುಮಾರು 62, ಮೂರನೆಯದನ್ನೂ ಹಾಕಿಸಿಕೊಂಡವರಿಗೆ ಸುಮಾರು 83 ಎಂದು ತಿಳಿದುಬಂತು. ಸೂಜಿ ಹಾಕಿಸಿಕೊಂಡ ಕೆಲವರಿಗೂ ರೋಗ ಬರುವುದು ಖಚಿತವಿತ್ತೆಂದು ಇದರ ಅರ್ಥ. ಇದನ್ನು ಹಳ್ಳಿಯ ಜನರೆದುರು ಸ್ಪಷ್ಟವಾಗಿ ಹೇಳಿದವರೆಷ್ಟು ಮಂದಿ? "ಹಾಕಿಸಿಕೊಳ್ಳಿ, ಏನೂ ಆಗುವುದಿಲ್ಲ" ಎಂದು ಹೇಳಿ ಹೋದ ಮೇಲೆ ನೆರೆಮನೆಯವನು ಜ್ವರದಿಂದ ಮಲಗಿದರೆ, ಮರುವರ್ಷ ಯಾರು ನಂಬುತ್ತಾರೆ? 2018-19ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಸುತ್ತಮುತ್ತ ಸಾವಿನ ಸರಣಿಯನ್ನೇ ಕಂಡೆವು. ಕೊನೆಗೆ 2022ರಲ್ಲಿ, ಲಸಿಕೆಯಲ್ಲಿ ಸತ್ವ ಸಾಲದೆಂದು ಅದನ್ನು ನಿಲ್ಲಿಸಲಾಯಿತು. ಬಿಸಿ ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನೆ. ಹೊಸ ಲಸಿಕೆ ಎಷ್ಟೇ ಒಳ್ಳೆಯದಿರಲಿ, ಈ ಸುಟ್ಟ ಬಾಯಿಯನ್ನು ಮರೆತು ಹೊರಟರೆ ಕೆಲಸ ಕೆಡುತ್ತದೆ.

ಕಳೆದ ನಂಬಿಕೆಯನ್ನು ಮರಳಿ ಪಡೆಯಬಹುದೇ? ಪಡೆಯಬಹುದು. ಉತ್ತರ ಪ್ರದೇಶವನ್ನು ನೋಡಿ. 2002ರಲ್ಲಿ ದೇಶದಲ್ಲಿ ಸುಮಾರು 1,600 ಮಕ್ಕಳಿಗೆ ಪೋಲಿಯೊ ತಗುಲಿತು. ಅವರಲ್ಲಿ ಹೆಚ್ಚಿನವರು ಆ ರಾಜ್ಯದವರು. ಹನಿ ಹಾಕಿಸಿದರೆ ಮಕ್ಕಳು ಬಂಜೆಯಾಗುತ್ತಾರೆಂಬ ಗಾಳಿಸುದ್ದಿ ಹಬ್ಬಿ, ಜನ ಬಾಗಿಲು ಮುಚ್ಚಿದರು. ಆ ಬಾಗಿಲನ್ನು ಪೋಲೀಸರ ಲಾಠಿ ತೆರೆಯಲಿಲ್ಲ. ಅದೇ ಓಣಿಯ ಹೆಂಗಸರು ಮನೆಮನೆಗೆ ಹೋಗಿ ಕೂತು ಮಾತಾಡಿದರು. ಮೌಲ್ವಿಗಳು ಮಸೀದಿಯಿಂದ ಸಾರಿದರು. ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯ, ಜಾಮಿಯಾ ಮಿಲ್ಲಿಯಾದಂಥ ಸಂಸ್ಥೆಗಳು ಕೈಜೋಡಿಸಿದವು. "ಹನಿ ಹಾಕಲು ತಿಂಗಳು ತಿಂಗಳು ಬರುತ್ತೀರಿ, ನಮ್ಮ ಚರಂಡಿ ನೋಡಲು ಯಾರೂ ಬರುವುದಿಲ್ಲವಲ್ಲ" ಎಂಬ ಬಡವರ ಪ್ರಶ್ನೆಗೂ ಉತ್ತರ ಕೊಡಬೇಕಾಯಿತು. 2009ರಲ್ಲಿ ಉತ್ತರ ಪ್ರದೇಶ, ಬಿಹಾರಗಳ 107 ಬ್ಲಾಕುಗಳನ್ನು ಆರಿಸಿ, ಹನಿಯ ಜೊತೆಗೆ ಶುದ್ಧ ನೀರು, ನೈರ್ಮಲ್ಯ, ಭೇದಿಗೆ ಚಿಕಿತ್ಸೆ ಇವುಗಳಿಗೂ ಗಮನ ಕೊಟ್ಟರು. ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡಿತು. 2014ರ ಮಾರ್ಚಿನಲ್ಲಿ ಭಾರತಕ್ಕೆ ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ ಬಂತು.

ಆದ್ದರಿಂದ ಸರಕಾರಕ್ಕೆ ನಮ್ಮ ಒತ್ತಾಯ ಇಷ್ಟು. ಹೊಸ ಲಸಿಕೆ ಬರುವ ಮುನ್ನವೇ ಹಳೆಯದು ಏಕೆ ನಿಂತಿತೆಂಬುದನ್ನು ಗ್ರಾಮಸಭೆಗಳಲ್ಲಿ ಬಾಯಿಬಿಟ್ಟು ಹೇಳಬೇಕು. ಹೊಸದು ನೂರರಲ್ಲಿ ಎಷ್ಟು ಜನರನ್ನು ಕಾಯುತ್ತದೆ, ಎಷ್ಟು ಸೂಜಿ ಬೇಕು, ಎಷ್ಟು ದಿನ ನೋಯುತ್ತದೆ ಎಂಬುದನ್ನು ಮುಚ್ಚಿಡಕೂಡದು. ಮಂಗ ಸತ್ತ ಮೇಲೆ ಸೂಜಿ ಹಿಡಿದು ಓಡುವ ಪದ್ಧತಿ ಬಿಟ್ಟು, ಕಾಯಿಲೆಯ ಕಾಲಕ್ಕೆ ತಿಂಗಳುಗಳ ಮೊದಲೇ ಬರಬೇಕು. ಹಗಲು ಕೆಲಸಕ್ಕೆ ಹೋಗುವವರಿಗಾಗಿ ಸಂಜೆಯೂ ಬರಬೇಕು. ಸೂಜಿಯ ನೋವಿನಿಂದ ಕೆಲಸ ತಪ್ಪಿದ ದಿನದ ಕೂಲಿಯನ್ನು ಕೊಡಬೇಕು. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರನ್ನು ಪುಕ್ಕಟೆ ದುಡಿಸಿಕೊಳ್ಳದೆ, ಅವರ ದುಡಿಮೆಗೆ ತಕ್ಕ ಸಂಬಳ ಕೊಡಬೇಕು. ಹೊಟ್ಟೆ ತುಂಬದವಳ ಬಾಯಲ್ಲಿ ಧೈರ್ಯದ ಮಾತು ಬರುವುದಾದರೂ ಹೇಗೆ?

ನಮ್ಮ ಪಾಲಿನ ಕರ್ತವ್ಯವೂ ಇದೆ, ಗೆಳೆಯರೇ. ಗಿರಣಿಯಲ್ಲಿ ದುಡಿಯುವ ನಮ್ಮಲ್ಲಿ ಎಷ್ಟೋ ಮಂದಿಯ ತಂದೆತಾಯಿ, ಅಕ್ಕತಂಗಿಯರು ಇನ್ನೂ ಕಾಡಂಚಿನಲ್ಲಿದ್ದಾರೆ. ಊರಿಗೆ ಹೋದಾಗ ಈ ಮಾತನ್ನು ಒಯ್ಯಿರಿ. ಅಂಗಡಿ ಇಟ್ಟಿರುವ ಮಿತ್ರರೇ, ಸಂತೆಯ ದಿನ ನಿಮ್ಮ ಕಟ್ಟೆಯ ಮೇಲೆ ಹಬ್ಬುವ ಸುದ್ದಿ ರಾತ್ರಿಯೊಳಗೆ ಹತ್ತು ಹಳ್ಳಿ ಮುಟ್ಟುತ್ತದೆ. ಅದು ಸುಳ್ಳು ಸುದ್ದಿಯಾಗದಂತೆ ನೋಡಿಕೊಳ್ಳಿ. ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ಹಾಕಿ, ಉಣುಗು ತಡೆಯುವ ತೈಲ ಹಚ್ಚಿಕೊಂಡು ಹೋಗಲಿ. ಬಂದೊಡನೆ ಬಿಸಿನೀರಿನ ಸ್ನಾನ ಮಾಡಲಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಲಿ.

ಪ್ರಶ್ನೆ ಕೇಳುವುದು ಜನರ ಹಕ್ಕು. ಆದರೆ ಸರಿಯಾದ ಉತ್ತರ ಸಿಕ್ಕ ಮೇಲೂ ಸೂಜಿಗೆ ಹೆದರಿ ಮನೆ ಸೇರಿದರೆ ನಷ್ಟ ನಮ್ಮದೇ. ತರಗೆಲೆಯ ಉಣುಗಿಗೆ ಸರಕಾರದ ತಪ್ಪೂ ತಿಳಿಯದು, ನಮ್ಮ ಸಿಟ್ಟೂ ತಿಳಿಯದು. ಸತ್ಯವನ್ನು ಕೇಳಿ ಪಡೆಯೋಣ. ಪಡೆದ ಮೇಲೆ ತೋಳೊಡ್ಡೋಣ.