ಆಕಾಶದಲ್ಲಿ ಫಳಕ್ಕನೆ ಮಿಂಚಿ ಮಾಯವಾಗುವ ಬೆಳಕು: ಕಳ್ಳರ ಡ್ರೋನೇ, ಉಪಗ್ರಹವೇ?

ಸಿಂಧನೂರು ಕಡೆ ರಾತ್ರಿ ಗದ್ದೆಗೆ ನೀರು ಹಾಯಿಸಲು ಹೋಗುವವರು, ಲಿಂಗಸುಗೂರು, ಮಸ್ಕಿಯಲ್ಲಿ ಬೇಸಿಗೆಗೆ ಮಾಳಿಗೆ ಮೇಲೆ ಮಲಗುವವರು ಇದನ್ನು ನೋಡಿರಬಹುದು. ಚುಕ್ಕಿಯಂಥ ಬೆಳಕೊಂದು ಸದ್ದಿಲ್ಲದೆ ಸಾಗುತ್ತದೆ, ಫಳಕ್ಕನೆ ಹೊಳೆದು ಮಸುಕಾಗುತ್ತದೆ. ಇಂಥ ವಿಡಿಯೊಗೆ ‘ಕಳ್ಳರ ಡ್ರೋನ್, ಎಚ್ಚರ’ ಎಂಬ ಸಾಲು ಸೇರಿದರೆ ಇಡೀ ಊರಿನ ನಿದ್ದೆ ಕೆಡುತ್ತದೆ.

ಅದು ನಿಜಕ್ಕೂ ಏನು?

ಹೆಚ್ಚಾಗಿ ಅದು ಉಪಗ್ರಹ. ಉಪಗ್ರಹಕ್ಕೆ ಸ್ವಂತ ಬೆಳಕಿಲ್ಲ. ನಮಗೆ ಕಾಣುವುದು ಅದರ ಮೇಲೆ ಬಿದ್ದ ಬಿಸಿಲು. ಸಂಜೆ ಬೆಟ್ಟದ ಬುಡದಲ್ಲಿ ಕತ್ತಲಾದರೂ ತುದಿಯಲ್ಲಿ ಸ್ವಲ್ಪ ಹೊತ್ತು ಬಿಸಿಲಿರುತ್ತದಲ್ಲವೇ? ನೂರಾರು ಕಿ.ಮೀ. ಎತ್ತರದ ಉಪಗ್ರಹಕ್ಕೂ ಹಾಗೆಯೇ. ಅದಕ್ಕೇ ಸೂರ್ಯ ಮುಳುಗಿದ ಮೇಲಿನ ಮತ್ತು ಹುಟ್ಟುವ ಮುಂಚಿನ ಒಂದೆರಡು ಗಂಟೆ ಅವು ಹೆಚ್ಚು ಕಾಣುತ್ತವೆ.

ಅದರ ಸೋಲಾರ್ ಫಲಕ ಅಥವಾ ಆಂಟೆನಾ ಕನ್ನಡಿಯಂತೆ ಬಿಸಿಲನ್ನು ನೇರ ನಮ್ಮತ್ತ ತಿರುಗಿಸಿದಾಗ ಕೆಲವು ಸೆಕೆಂಡು ಜೋರಾಗಿ ಮಿಂಚುತ್ತದೆ. ನಡು ಆಕಾಶದಲ್ಲೇ ಮಾಯವಾದರೆ, ಭೂಮಿಯ ನೆರಳಿನೊಳಗೆ ಹೋಯಿತೆಂದು ಅರ್ಥ.

1997ರಿಂದ ಹಾರಿದ ಹಳೆಯ ಇರಿಡಿಯಂ ಉಪಗ್ರಹಗಳು ಕೆಲವೊಮ್ಮೆ ಶುಕ್ರನಿಗಿಂತಲೂ ಪ್ರಖರವಾಗಿ ಮಿಂಚುತ್ತಿದ್ದವು. 2017–2019ರಲ್ಲಿ ಅವುಗಳ ಜಾಗಕ್ಕೆ ಹೊಸವು ಬಂದ ಮೇಲೆ ಆ ಮಿಂಚು ಅಪರೂಪ. ಈಗ ಗಾಬರಿ ಹುಟ್ಟಿಸುವುದು 2019ರ ಮೇ ತಿಂಗಳಿಂದ ಹಾರುತ್ತಿರುವ ಸ್ಟಾರ್‌ಲಿಂಕ್. ಉಡಾವಣೆಯಾದ ಮೊದಲ ದಿನಗಳಲ್ಲಿ ಅವು ರೈಲಿನ ಬೋಗಿಗಳಂತೆ ಸಾಲಾಗಿ ಸಾಗುತ್ತವೆ. 2021ರ ಡಿಸೆಂಬರ್‌ನಲ್ಲಿ ಪಂಜಾಬಿನ ಪಠಾಣ್‌ಕೋಟ್‌ನಲ್ಲಿ ಜನ ಬೆರಗಾಗಿ ನೋಡಿದ್ದು ಇದನ್ನೇ.

ಗುರುತಿಸುವುದು ಹೇಗೆ?

• ಉಪಗ್ರಹ: ಸದ್ದಿಲ್ಲ, ಒಂದೇ ದಿಕ್ಕಿಗೆ ಒಂದೇ ವೇಗ, ಕೆಲವು ನಿಮಿಷದಲ್ಲಿ ಆಕಾಶ ದಾಟುತ್ತದೆ.
• ವಿಮಾನ: ಕೆಂಪು, ಹಸಿರು ದೀಪ, ಬಿಟ್ಟು ಬಿಟ್ಟು ಮಿನುಗುವ ಬೆಳಕು.
• ಡ್ರೋನ್: ನಿಂತಲ್ಲೇ ನಿಲ್ಲುತ್ತದೆ, ತಿರುಗುತ್ತದೆ, ಹತ್ತಿರವಿದ್ದರೆ ಗುಂಯ್ ಎನ್ನುತ್ತದೆ.
• ಉಲ್ಕೆ: ಕಣ್ಣು ಮಿಟುಕಿಸುವಷ್ಟರಲ್ಲಿ ಗೆರೆ ಎಳೆದು ಆರಿಹೋಗುತ್ತದೆ.

ನೋಡಿದ ಸಮಯ, ದಿಕ್ಕು ಬರೆದಿಟ್ಟುಕೊಂಡು ‘ಹೆವನ್ಸ್ ಅಬೊವ್’ ಜಾಲತಾಣದಲ್ಲಿ ನಿಮ್ಮ ಊರು ಕೊಟ್ಟು ನೋಡಿ. ಆ ಹೊತ್ತಿಗೆ ಯಾವ ಉಪಗ್ರಹ ಹಾದುಹೋಯಿತೆಂದು ಸಾಮಾನ್ಯವಾಗಿ ಸಿಗುತ್ತದೆ.

ಇಷ್ಟು ಹೇಳಲು ಕಾರಣವಿದೆ. 2018ರ ಜುಲೈನಲ್ಲಿ ನಮ್ಮದೇ ಕಲ್ಯಾಣ ಕರ್ನಾಟಕದ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸ್ಆ್ಯಪ್ ವದಂತಿ ನಂಬಿದ ಗುಂಪು ಅಮಾಯಕನೊಬ್ಬನನ್ನು ಹೊಡೆದು ಕೊಂದಿತು. ಆಕಾಶದ ಬೆಳಕು ಯಾರಿಗೂ ಕೇಡು ಮಾಡುವುದಿಲ್ಲ. ಅದರ ಹೆಸರಲ್ಲಿ ಹಬ್ಬುವ ‘ಕಳ್ಳರು ಬಂದರು’ ಎಂಬ ಮಾತು, ರಾತ್ರಿ ಊರು ದಾಟುವ ಅಪರಿಚಿತನ ಜೀವಕ್ಕೇ ಕುತ್ತಾಗಬಹುದು. ಫಾರ್ವರ್ಡ್ ಮಾಡುವ ಮೊದಲು ಎರಡು ನಿಮಿಷ ತಲೆ ಎತ್ತಿ ಆಕಾಶ ನೋಡೋಣ.