ಶೌಚಾಲಯ ಮನೆಯದು, ಸಾಲ ಯಾರದು?



ಕತ್ತಲಾಗುವವರೆಗೆ ತಡೆದುಕೊಳ್ಳುವುದು, ಅದಕ್ಕಾಗಿ ಹಗಲೆಲ್ಲ ನೀರು ಕುಡಿಯದಿರುವುದು, ಮುಟ್ಟಿನ ದಿನಗಳಲ್ಲಿ ಬೇಲಿಯ ಮರೆ ಹುಡುಕುವುದು ಎಂದರೇನೆಂದು ನಿಮಗೆ ನಾನು ವಿವರಿಸಬೇಕಾಗಿಲ್ಲ. ಆದರೂ ಶೌಚಾಲಯಕ್ಕೆ ಸಂಘದಿಂದ ಸಾಲ ಎತ್ತಬಹುದೇ ಎಂಬ ಅನುಮಾನ ಉಳಿದಿದೆ. ಎಮ್ಮೆ ಕೊಂಡರೆ ಹಾಲು ಬರುತ್ತದೆ, ಕಕ್ಕಸಿನಿಂದ ಏನು ಬರುತ್ತದೆ ಎಂಬ ಲೆಕ್ಕ ಅದು. ಎತ್ತಬಹುದೆಂದೇ ನನ್ನ ಅಭಿಪ್ರಾಯ. ಆದರೆ ಆ ಸಾಲವನ್ನು ಹೆಂಗಸೊಬ್ಬಳ ತಲೆಗೆ ಕಟ್ಟುವುದನ್ನು ನಾನು ಒಪ್ಪಲಾರೆ.

ಗಂಡ, ಅತ್ತೆ, ಮಾವ, ಮೈದುನ ಎಲ್ಲರೂ ಬಳಸುವ ಶೌಚಾಲಯ. ಜಾಗ ಸಾಮಾನ್ಯವಾಗಿ ಗಂಡನ ಇಲ್ಲವೇ ಮಾವನ ಹೆಸರಿನಲ್ಲಿ. ಸಾಲ ಮಾತ್ರ ಸೊಸೆಯ ಹೆಸರಿನಲ್ಲಿ, ಕಂತು ಅವಳ ಕೂಲಿಯಲ್ಲಿ. 'ತವರಿನಿಂದ ತಾ' ಎನ್ನುತ್ತಿದ್ದ ಬಾಯಿ ಈಗ 'ಸಂಘದಿಂದ ತಾ' ಎನ್ನುತ್ತಿದೆ. ಕಾಯಿದೆಯ ಪುಸ್ತಕ ಏನೇ ಹೇಳಲಿ, ವರದಕ್ಷಿಣೆಯ ಬುದ್ಧಿ ಅಲ್ಲಿಯೂ ಇದೆ.

ಲೆಕ್ಕ ನೋಡೋಣ. 20,000 ರೂಪಾಯಿ ಸಾಲ, ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿ, ತಿಂಗಳಿಗೆ ಸಾವಿರದಂತೆ 20 ತಿಂಗಳು ಅಸಲು ತೀರಿಸುವುದು. ಉಳಿದ ಬಾಕಿಗೆ ಮಾತ್ರ ಬಡ್ಡಿ ಹಾಕಿದರೆ ಒಟ್ಟು ಬಡ್ಡಿ 4,200. ಕೊನೆಯವರೆಗೂ ಪೂರ್ತಿ 20,000ಕ್ಕೇ ಹಾಕಿದರೆ 8,000. ಯಾವ ರೀತಿಯ ಬಡ್ಡಿ ಎಂದು ರುಜು ಹಾಕುವ ಮುನ್ನ ಕೇಳಿರಿ; ಕೇಳಲು ನಾಚಿಕೆ ಬೇಡ. 2014ರ ಅಕ್ಟೋಬರ್ 2ರಂದು ಆರಂಭವಾದ ಸ್ವಚ್ಛ ಭಾರತ ಅಭಿಯಾನದಲ್ಲಿ ಹಳ್ಳಿಯ ಅರ್ಹ ಕುಟುಂಬಕ್ಕೆ 12,000 ರೂಪಾಯಿ ಗೊತ್ತುಮಾಡಿದ್ದರು. ಅದು ಕೈಗೆ ಬರುತ್ತಿದ್ದುದು ಕಟ್ಟಿದ ಮೇಲೆ. ಕೈಯಲ್ಲಿ ಕಾಸಿಲ್ಲದವರು ಮೊದಲು ಸಾಲ ಮಾಡಲೇಬೇಕಾಗಿತ್ತು. ನಿಮ್ಮ ಮನೆಗೆ ಏನು ಸಿಗುತ್ತದೆಂದು ಪಂಚಾಯಿತಿಯಲ್ಲಿ ವಿಚಾರಿಸಿ. ಬಂದ ಹಣ ನೇರವಾಗಿ ಸಾಲಕ್ಕೇ ಜಮೆಯಾಗಲಿ, ಹಬ್ಬಕ್ಕೂ ಹೆಂಡಕ್ಕೂ ಹೋಗುವುದು ಬೇಡ.

ಕಟ್ಟುವುದಾದರೆ ಎರಡು ಗುಂಡಿಯದನ್ನು ಕಟ್ಟಿಸಿ. ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿದರೆ, ಮೊದಲನೆಯದರಲ್ಲಿರುವುದು ಎರಡು ವರ್ಷದೊಳಗೆ ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಒಮ್ಮೆಗೆ ಒಂದೆರಡು ಲೀಟರ್ ನೀರು ಸಾಕು. (ಆ ನೀರು ಹೊರುವವರು ಯಾರು ಎಂಬುದನ್ನೂ ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ.) ಗುಂಡಿ ಕುಡಿಯುವ ನೀರಿನ ಬಾವಿಯಿಂದ ದೂರವಿರಲಿ. ಇನ್ನೊಬ್ಬ ಬಡವನನ್ನು ಮಲದ ಗುಂಡಿಗಿಳಿಸುವ ಪಾಪವೂ ತಪ್ಪುತ್ತದೆ. 2013ರ ಕಾಯಿದೆ ಅದನ್ನು ನಿಷೇಧಿಸಿದೆ.

ಸಂಘ ಇಲ್ಲಿ ಬರೀ ಹಣ ಎಣಿಸಿ ಕೊಟ್ಟು ಸುಮ್ಮನಾಗಬಾರದು. ಗಂಡನನ್ನು ಸಭೆಗೆ ಕರೆಸಿ, ಸಾಲದ ಕಾಗದಕ್ಕೆ ಅವನ ರುಜುವನ್ನೂ ಹಾಕಿಸಿ. ಕಂತು ಇಬ್ಬರ ದುಡಿಮೆಯಿಂದ ಬರಲೆಂದು ಅವನೆದುರಿಗೇ ಪುಸ್ತಕದಲ್ಲಿ ಬರೆಯಿರಿ. ಹಣವನ್ನು ಒಟ್ಟಿಗೇ ಕೊಡದೆ, ಗುಂಡಿ ತೋಡಿದ ಮೇಲೆ ಒಂದು ಪಾಲು, ಗೋಡೆ ಎದ್ದ ಮೇಲೆ ಇನ್ನೊಂದು ಪಾಲು ಕೊಡಿ.

ಬಲವಂತದ ಸಾಲ ವಸೂಲಿಯನ್ನು ತಡೆಯಲು ಕರ್ನಾಟಕ 2025ರಲ್ಲಿ ಕಾನೂನು ತಂದಿತು. ಮನೆಯೊಳಗಿನ ಪೀಡನೆಗೆ 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ ಇದೆ. ಮನೆ ಅವಳ ಹೆಸರಿನಲ್ಲಿ ಇಲ್ಲದಿದ್ದರೂ ಅಲ್ಲಿ ವಾಸಿಸುವ ಹಕ್ಕು ಅವಳಿಗಿದೆಯೆಂದು ಅದರ 17ನೆಯ ಕಲಮು ಹೇಳುತ್ತದೆ. ಸಾಲದ ಅರ್ಜಿ ಓದುವ ದಿನವೇ ಇದನ್ನೂ ಸಭೆಯಲ್ಲಿ ಗಟ್ಟಿಯಾಗಿ ಓದಿ, ಗಂಡಂದಿರ ಕಿವಿಗೂ ಬೀಳಲಿ.